ತುಳುಕಿದ ಕಳಶ

ಜೈನ ಮುನಿ ಧೃತಿಕೀರ್ತಿ ಮಹಾರಾಜರು ಹೊಸಬಸ್ತಿ ಊರಿಗೆ ಬಂದು ನಾಕನೇ ದಿನಾ ಅದು. ಬಸದಿ ಹಿಂದಿನ ಸಣ್ಣ ಖೋಲಿ, ಒಂದು ಚಾಪಿ, ಒಂದು ಕಮಂಡಲು, ನವಿಲುಗರಿ ಪಿಂಛಿ, ಅಷ್ಟ ಅವರ ಆಸ್ತಿ. ದಿಗಂಬರ ಮುನಿಗಳು ದಿನಕ್ಕ ಒಂದ ಸಲ ಉಣ್ಣತಾರ, ಅದೂ ನಿಂತಕೊಂಡು, ಬೊಗಸಿಯೊಳಗ! ಮ್ಯಾಲಿಂದ, ಇಂಥಾ ಗುರುತು ಕಂಡ ಮನಿಯೊಳಗಷ್ಟ ಆಹಾರ ಅಂತ ಮನಸಿನೊಳಗ ನೇಮ ಹಿಡದು ಹೊರಡತಾರ. ಗುರುತು ಏನಂತ ಯಾರಿಗೂ ಹೇಳೂದಿಲ್ಲ. ಕಾಣಲಿಲ್ಲೋ, ಉಪಾಸ! ಮೂರೂ ದಿನಾ ಮಹಾರಾಜರು ಎಲ್ಲಾ ಬಾಗಲಾ ನೋಡಿ ಹಂಗ ಹೊಳ್ಳಿ ಹೋಗಿದ್ರು. ಎಪ್ಪತ್ತು ದಾಟಿದ ಜೀವ, ಒಂದ ಹನಿ ನೀರೂ ಇಲ್ಲ. ಬಾಗಲಾಗ ನೀರಿನ ಕಳಶ ಹಿಡದು ಕರಿಯೋ ಮಂದಿ ಕಂಗಾಲು! ಒಬ್ರು ಕೈಯಾಗ ಕಬ್ಬು ಹಿಡದ್ರು, ಒಬ್ರು ಎರಡೆರಡು ತೆಂಗಿನಕಾಯಿ ಹಿಡದ್ರು, ಚೌಗುಲಾ ಅವರ ಮನಿಯಾಗಂತೂ ಏಳೂ ಮಂದಿ ಸಾಲಾಗಿ ನಿಂತ್ರು. ಊಹೂಂ.

ಬಸದಿ ಓಣಿಯ ಕುಸುಮಾವತಿ ಮಾತ್ರ ಮೂರೂ ದಿನಾ ಬಾಗಲಿಗೆ ಬರದ ಒಲಿ ಮುಂದ. ಎರಡ ವರ್ಷದಿಂದ ಆಕಿಗೆ ಒಂದು ವಿಚಿತ್ರ ಕಾಟ. ಸುಮ್ನ ಒಂದ ಕಡೆ ನಿಂತ್ರ ಸಾಕು, ಮೊಣಕಾಲ ಕೆಳಗ ಹಿಟ್ಟಿನ ಗಿರಣಿ ಚಾಲೂ ಆದಂಗ ಗುರುಗುರು ನಡುಕ! ಕುಂತ್ರ ಇಲ್ಲ, ನಡದ್ರ ಇಲ್ಲ. ಅದಕ್ಕ ಯಾರೂ ನಂಬತಿರಲಿಲ್ಲ. ಒಂದ ಮನಿಯಾಗಿರೋ ನೆಗೆಣ್ಣಿ, ಭಾವನ ಹೆಂಡತಿ ಚಂಪಾಬಾಯಿ ಅಂತೂ ಬಿಡತಾಳೇನು?

"ಹೊಲಕ್ಕ ಎರಡ ಮೈಲಿ ನಡಿಯಾಕ ಬರತೈತಿ, ಬಾಗಲಾಗ ಎರಡ ನಿಮಿಷ ನಿಂದ್ರಾಕ ಬರಂಗಿಲ್ಲಂತ! ಎಲ್ಲಿ ಕಲತಿಯವ್ವಾ ಈ ನಾಟಕಾ?"

"ನಾಟಕಲ್ಲ ಅಕ್ಕಾ. ಕಾಲು ನನ್ನ ಮಾತು ಕೇಳವಲ್ದು."

"ಹಂಗಾರ ಒಳಗ ಇರು. ಮಹಾರಾಜ್ರ ಮುಂದ ಕಳಶ ತುಳುಕಿಸಿ ಅಪಶಕುನ ಮಾಡಬ್ಯಾಡ."

ಯಾವುದೋ ಪಾಪ ಸುತ್ತಕೊಂಡೈತೇನೋ ಅಂತ ಕುಸುಮಾವತಿಗೂ ಒಳಗೊಳಗ ಅಂಜಿಕಿ.

ನಾಕನೇ ದಿನಾ ಏನಾತು, ಬಾಳಿಕಾಯಿ ಹೆಚ್ಚುವಾಗ ಚಂಪಾಬಾಯಿ ಬಟ್ಟು ಕೊಯ್ಕೊಂಡ್ಳು! ರಕ್ತ ಬರೋ ಕೈಲೆ ಆಹಾರ ಕೊಡಂಗಿಲ್ಲ. ಮನಿಯಾಗ ಬ್ಯಾರೆ ಹೆಣಮಕ್ಕಳಿಲ್ಲ. ಮಹಾರಾಜರು ಓಣಿ ತಿರುವಿನಾಗ ಬಂದ ಬಿಟ್ಟಾರ!

"ಹಿಡಿಯವ್ವಾ ಕಳಶ! ಇವತ್ತರ ಗಟ್ಟಿ ನಿಂದ್ರು!"

ಕುಸುಮಾವತಿ ನಿಂತ್ಳು. ಮಹಾರಾಜರು ಮೊದಲನೇ ಮನಿ ದಾಟಿದ್ರು. ಎರಡನೇದೂ. ಮೀನಖಂಡದಾಗ ಗಿರಣಿ ಸುರು ಆತು. ಮೂರನೇ ಮನಿ ದಾಟಿತು. ನಡುಕ ತೊಡಿಗೆ ಏರಿತು, ಸೊಂಟಕ್ಕ ಏರಿತು, ಕಳಶದ ಮ್ಯಾಲಿನ ತೆಂಗಿನಕಾಯಿ ಟಕಟಕ ಅನ್ನಾಕ ಹತ್ತಿತು. ಬಿದ್ದೇನೋ, ಈಗ ಬಿದ್ದೇನೋ! "ಹೇ ಸ್ವಾಮಿ, ನಮೋಸ್ತು, ಅತ್ರ ತಿಷ್ಠ..." ಇಲ್ಲೇ ನಿಂದ್ರಿ ಅಂತ ಕರಿಯೋದು, ನಿಂದ್ರಾಕ ಬರದ ಆಕಿ! ನೀರು ತುಳುಕೇ ಬಿಟ್ಟಿತು. ಚಂಪಾಬಾಯಿ ಹಲ್ಲು ಕಡಕೊಂತ ಬಗ್ಗಿ ಸೆರಗಿಲೆ ಒರಸಾಕ ಹೋದ್ಳು.

ಮಹಾರಾಜರು ಆ ಹಸಿ ನೆಲಾ ನೋಡಿದ್ರು. ನಿಂತೇ ಬಿಟ್ರು!

ಓಣಿ ಮಂದಿಯೆಲ್ಲಾ ಜಯಕಾರ ಹಾಕಿದ್ರು. ಕುಸುಮಾವತಿ ಮೂರು ಸುತ್ತು ಪ್ರದಕ್ಷಿಣಿ ಹಾಕಿದ್ಳು. ನಡಿಯೋವಾಗ ಕಾಲು ಎಷ್ಟ ಶಾಣೇವು! ಖರೇ ಅಂಜಿಕಿ ಮುಂದ ಇತ್ತು. ಒಳಗ ನಿಂತು ಉಣಸಬೇಕು. ಬೊಗಸಿ ಬಿಚ್ಚಿತು ಅಂದ್ರ, ತುತ್ತು ಚೆಲ್ಲಿ ಏನರ ಅಂತರಾಯ, ಅಡ್ಡಿ, ಆತು ಅಂದ್ರ, ಮಹಾರಾಜರು ಊಟಾ ಅಲ್ಲಿಗೇ ಬಿಡತಾರ. ನಾಕ ದಿನದ ಹಸಿವು, ಎಲ್ಲಾ ಆಕಿ ಕಾಲಿನ ಮ್ಯಾಲ!

ಪಾದಾ ತೊಳದು, ಕೈ ಮುಗದು ಅಂದ್ಳು, "ಮನಶುದ್ಧಿ, ವಚನಶುದ್ಧಿ..." ಮುಂದ ನಾಲಿಗಿ ಏಳವಲ್ದು. ಈ ನಡಗೋ ಕಾಯ ಶುದ್ಧ ಅಂತ ಹೆಂಗ ಹೇಳಲಿ?

ಮಹಾರಾಜರು ಕಾದ್ರು. ಅವಸರಿಲ್ಲ, ಸಿಟ್ಟಿಲ್ಲ. ಕಡೀಕ ಆಕಿ ಅಂದ್ಳು, "ಕಾಯಶುದ್ಧಿ."

ಆಹಾರದ ಹೊತ್ತಿನಾಗ ಅವರು ಮೌನ. ಖೋಲಿ ನಡುವ ಅವರಿಗೆ ನಿಂದ್ರಾಕಂತ ಇಟ್ಟಿದ್ದ ಕಟ್ಟಿಗಿ ಮಣಿ ದಾಟಿ ಮುಂದ ಹೋದ್ರು. ಎಲ್ಲಾರೂ ಗಾಬರಿ! ಅಡಗಿಮನಿ ಕಂಬದ ಎದರಿಗೆ, ಒಂದು ಮೊಳದ ಜಾಗಾ ಬಿಟ್ಟು, ನಿಂತು ಬೊಗಸಿ ಒಡ್ಡಿದ್ರು. ಉಣಸಬೇಕಂದ್ರ ಆ ಮೊಳದೊಳಗ ಕಂಬಕ್ಕ ಬೆನ್ನು ಹಚ್ಚೇ ನಿಂದ್ರಬೇಕು. ಕುಸುಮಾವತಿ ನಿಂತ್ಳು. ಬೆನ್ನಿಗೆ ಕಂಬ ತಾಗಿತು. ನಡುಕ ಇಳೀತು! ನೀರು, ಹಾಲು, ಅನ್ನ, ಕಡೀ ತುತ್ತಿನ ತನಕ ಒಂದ ಅಗಳೂ ಚೆಲ್ಲಲಿಲ್ಲ.

ಊಟಾ ಮುಗದು ಮಹಾರಾಜರು ಕುಂತ ಮ್ಯಾಲ ಚಂಪಾಬಾಯಿ ಅಡ್ಡ ಬಿದ್ದು ಕೇಳಿದ್ಳು, "ಮೂರು ದಿನಾ ನಮ್ಮಿಂದ ಏನ ತಪ್ಪಾತ್ರೀ ಸ್ವಾಮಿ?"

"ತುಳುಕಿದ ಕಳಶ ಹುಡಕತಿದ್ದೆವಮ್ಮಾ. ನೀವೆಲ್ಲಾ ಗಟ್ಟಿ ಇದ್ದವರನ್ನಷ್ಟ ನಿಲ್ಲಸಿದ್ರಿ."

ಚಂಪಾಬಾಯಿ ಮಾರಿ ಬಿಳಚಿತು. ಆ ಕಳಶ ಮೂರೂ ದಿನಾ ಆಕೀ ಮನಿಯಾಗ ಇತ್ತಲ್ಲಾ! ಒಲಿ ಮುಂದ ಕೂಡಿಸಿದಾಕಿ ಯಾರು?

ಮಹಾರಾಜರು ಕುಸುಮಾವತಿ ಕಡೆ ತಿರಗಿದ್ರು. "ಇದು ಪಾಪಲ್ಲ ತಾಯಿ, ರೋಗ. ಡಾಕ್ಟರಿಗೆ ತೋರಸು. ಕಂಬಕ್ಕ ಆತಕೊಂಡು ನಿಂದ್ರಾಕ ನಾಚಬ್ಯಾಡ."

ಚಂಪಾಬಾಯೇ ಆಕೀನ ಶಹರಕ್ಕ ಕರಕೊಂಡ ಹೋದ್ಳು. ನರದ ಡಾಕ್ಟರು ಮೀನಖಂಡಕ್ಕ ವೈರು ಹಚ್ಚಿ ನಿಲ್ಲಸಿ ನೋಡಿದ್ರು, ಥೈರಾಯ್ಡು, ಪಾರ್ಕಿನ್ಸನ್ನು ಏನರ ಐತೇನು ಅಂತ ತಪಾಸ ಮಾಡಿದ್ರು. ಅವೇನೂ ಇರಲಿಲ್ಲ. ನಿಂತಾಗಷ್ಟ ಬರೋ ನಡುಕಂತ, ಅದಕ್ಕೊಂದು ಹೆಸರೂ ಐತಂತ! ಗುಳಿಗಿಲೆ ಪೂರ್ತಿ ಹೋಗಲಿಲ್ಲ, ಅರ್ಧಾ ಇಳೀತು.

ಮುಂದಿನ ವರ್ಷ ಮಹಾರಾಜರು ಮತ್ತ ಆ ಓಣಿಗೆ ದಯಮಾಡಿಸಿದಾಗ ಬಾಗಲಾಗ ಕಳಶ ಹಿಡದಾಕಿ ಕುಸುಮಾವತಿ. ಆಕಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಾಕಿ ಚಂಪಾಬಾಯಿ.

"ಭಾರ ಆಗತೈತೇನ ಅಕ್ಕಾ?"

"ಸುಮ್ನ ಆತಕೋ. ಕಂಬ ಎಲ್ಲೆರ ಮಾತಾಡತೈತೇನು?"

ಎರಡು ಹನಿ ನೆಲಕ್ಕ ಬಿತ್ತು. ಚಂಪಾಬಾಯಿ ಒರಸಲಿಲ್ಲ.