ಒಂದು ಪಂಕ್ತಿಗೆ ಎಷ್ಟು ಎಲೆ

ನಾಗಮಂಗಲದಲ್ಲಿ ಹೇಮಾವತಿ ಎಂಬ ಹೆಣ್ಣುಮಗಳಿದ್ದಳು. ಮದುವೆಯ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಚಂದ ಮಾಡಿಕೊಡುವುದು ಅವಳ ಕಸುಬು. ಕ್ಯಾಮೆರಾದವರು ನಾಲ್ಕು ದಿಕ್ಕಿನಿಂದ ಹಿಡಿದು ತಂದು ಸುರಿದ ಹತ್ತು ಗಂಟೆಯ ಗದ್ದಲವನ್ನು ಅವಳು ಇಪ್ಪತ್ತು ನಿಮಿಷದ ಸಿನಿಮಾ ಮಾಡುತ್ತಿದ್ದಳು. ಸೋದರತ್ತೆ ಸಿಡುಕಿದ್ದು, ಪುರೋಹಿತರು ಆಕಳಿಸಿದ್ದು, ಮದುಮಗನ ಗೆಳೆಯರು ಒಂದೇ ಊಟಕ್ಕೆ ಎರಡು ಸಲ ಕೂತಿದ್ದು, ಎಲ್ಲವೂ ಅವಳ ಕೈಯಲ್ಲಿ ಸದ್ದಿಲ್ಲದೆ ಮಾಯವಾಗುತ್ತಿತ್ತು. ಹಾಗಾಗಿ ಸುತ್ತಲ ಊರುಗಳಲ್ಲಿ ಅವಳಿಗೆ ಒಳ್ಳೆಯ ಹೆಸರು.

ಹೆಸರಿದ್ದರೂ ಅವಳಿಗೊಂದು ಸ್ಟುಡಿಯೊ ಇರಲಿಲ್ಲ. ಅಡುಗೆಮನೆಯ ಮಗ್ಗುಲಲ್ಲಿ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ರಾಗಿಹಿಟ್ಟಿನ ಡಬ್ಬ. ಒಗ್ಗರಣೆ ಹಾಕಿದಾಗೆಲ್ಲ ತೆರೆಯ ಮೇಲಿನ ಮದುಮಗಳಿಗೂ ಸೀನು ಬರಬೇಕು, ಅಷ್ಟು ಹತ್ತಿರ. ಬಸ್ ಸ್ಟ್ಯಾಂಡ್ ಎದುರು ಬೇಕರಿಯ ಮೇಲೊಂದು ಕೋಣೆ ಖಾಲಿಯಾಗಿತ್ತು. ಗೋಡೆ ಬೆಳ್ಳಗಿತ್ತು, ಕಿಟಕಿ ದೊಡ್ಡದಿತ್ತು. ಅದನ್ನು ಬಾಡಿಗೆಗೆ ಹಿಡಿದು ತನ್ನ ಹೆಸರಿನ ಬೋರ್ಡು ಹಾಕಬೇಕೆಂದು ಹೇಮಾವತಿ ಮೂರು ವರ್ಷದಿಂದ ಕೂಡಿಡುತ್ತಿದ್ದಳು. ಬರುವ ಸೋಮವಾರ ಅಡ್ವಾನ್ಸ್ ಕೊಡುತ್ತೇನೆ ಎಂದು ಬೇಕರಿಯವರಿಗೆ ಹೇಳಿಯೂ ಬಂದಿದ್ದಳು. ಸೋಮವಾರ ತಪ್ಪಿದರೆ ಮಂಗಳವಾರ ಅಲ್ಲಿಗೆ ಮೊಬೈಲ್ ಅಂಗಡಿಯವನು ಬರುವವನಿದ್ದ.

ಅಂಥ ವಾರದಲ್ಲೇ ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು.

ಗ್ರಾಫಿಕ್ಸ್ ಕಾರ್ಡು ಎಂದರೆ ಕಂಪ್ಯೂಟರಿನ ಹೊಟ್ಟೆಯೊಳಗಿರುವ ಒಂದು ಹಲಗೆ. ಚಿತ್ರ ಮೂಡಿಸುವ ಕೆಲಸ ಅದರದ್ದು. ಕೆಲಸ ಮಾಡುವಾಗ ಚಿತ್ರಗಳನ್ನು ಹರವಿಕೊಳ್ಳಲು ಅದಕ್ಕೆ ತನ್ನದೇ ಆದ ಜಾಗವಿರುತ್ತದೆ. ಆ ಜಾಗಕ್ಕೆ ಮೆಮೊರಿ ಎನ್ನುತ್ತಾರೆ. ಅದು ತುಂಬಿಬಿಟ್ಟರೆ ಕೆಲಸ ನಿಂತಲ್ಲೇ ನಿಲ್ಲುತ್ತದೆ. ಇಷ್ಟು ತಿಳಿದರೆ ಈ ಕಥೆಗೆ ಸಾಕು.

ಸುಟ್ಟಿದ್ದಾದರೂ ಎಂಥ ಸಮಯದಲ್ಲಿ? ಗುತ್ತಿಗೆದಾರ ಪಾಪೇಗೌಡರ ಮಗಳ ಮದುವೆ ಆಗಷ್ಟೇ ಮುಗಿದಿತ್ತು. ಬರುವ ಭಾನುವಾರ ಬೀಗರ ಊಟ. ಆ ದಿನ ಮದುವೆಯ ಸಿನಿಮಾವನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಬೇಕೆಂದು ಗೌಡರ ಹಂಬಲ. ಅವರ ಮನೆತನದಲ್ಲಿ ಇನ್ನೂ ಮೂರು ಮದುವೆ ಮುಂದಿದ್ದವು.

"ಇದೊಂದು ಚೆನ್ನಾಗಿ ಬರ್ಲಿ ಕಣಮ್ಮ, ಮಿಕ್ಕಿದ್ ಮೂರೂ ನಿಂದೇ" ಎಂದಿದ್ದರು ಗೌಡರು. ಚೆನ್ನಾಗಿ ಬರದಿದ್ದರೆ ಏನೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಹೇಮಾವತಿ ಮಂಡ್ಯದ ಬಸ್ಸು ಹತ್ತಿದಳು. ಅಲ್ಲಿ ಕಂಪ್ಯೂಟರ್ ಅಂಗಡಿಯ ನಯಾಜ್ ಅವಳಿಗೆ ಹಳೆಯ ಪರಿಚಯ. ಅವನು ಎರಡು ಡಬ್ಬ ತಂದು ಮುಂದಿಟ್ಟ. ಎರಡರ ಮೇಲೂ ಒಂದೇ ಚಿತ್ರ, ಒಂದೇ ಹೆಸರು.

"ಎರಡೂ ಒಂದೇ ಕಾರ್ಡು ಮೇಡಂ. ಓಟನೂ ಒಂದೇ. ಇದರಲ್ಲಿ ಎಂಟು ಜಿಬಿ ಮೆಮೊರಿ, ಇದರಲ್ಲಿ ಹದಿನಾರು" ಎಂದ ನಯಾಜ್.

"ಬೆಲೆ?"

"ಅದೊಂದು ಮಾತ್ರ ಒಂದೇ ಇಲ್ಲ."

ಎಷ್ಟು ಬೇರೆ ಎಂದು ಕೇಳಿದ ಮೇಲೆ ಹೇಮಾವತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎಂಟರದನ್ನು ತೆಗೆದುಕೊಂಡರೆ ಕೋಣೆಯ ಅಡ್ವಾನ್ಸು ಹಾಗೇ ಉಳಿಯುತ್ತದೆ. ಹದಿನಾರರದನ್ನು ತೆಗೆದುಕೊಂಡರೆ ಕೋಣೆ ಮೊಬೈಲ್ ಅಂಗಡಿಯವನ ಪಾಲು.

ಅವಳು ಊರಿಗೆಲ್ಲ ಬುದ್ಧಿ ಹೇಳುವವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಹದಿನಾರೇ ತಗೊಳ್ಳಿ, ಆಮೇಲೆ ಪೇಚಾಡಬೇಡಿ ಎಂದು ನಾಲ್ಕು ಜನ ಬರೆದರು. ಎಂಟೇ ಹೆಚ್ಚು, ಹದಿನಾರು ಶೋಕಿ ಎಂದು ನಾಲ್ಕು ಜನ ಬರೆದರು. ಒಂಬತ್ತನೆಯವರು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಎಂದರು. ಡೇರಿಯಲ್ಲಿ ಕೆಲಸದಲ್ಲಿದ್ದ ಗಂಡನಿಗೆ ಫೋನ್ ಮಾಡಿದರೆ, "ನಿಂಗೆ ಸರಿ ಕಂಡಿದ್ದು ಮಾಡು" ಎಂದ. ಏನು ಸರಿ ಎಂದು ಕಾಣದೆ ಇದ್ದದ್ದಕ್ಕೇ ಅವಳು ಫೋನ್ ಮಾಡಿದ್ದು. ಒಳ್ಳೆಯ ಗಂಡಂದಿರು ಇಂಥ ಸಮಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಅವಳ ಪರದಾಟ ನೋಡಿ ನಯಾಜ್‌ಗೆ ಮರುಕ ಬಂತು. "ನಿಮ್ ಹಾರ್ಡ್ ಡಿಸ್ಕ್ ತಂದಿದ್ದೀರಲ್ಲ. ಹದಿನಾರರ ಕಾರ್ಡು ಹಾಕಿರೋ ಮಿಷನ್ ಇಲ್ಲೇ ಇದೆ. ನಿಮ್ ಮದುವೆನ ಅದರಲ್ಲಿ ಓಡಿಸಿ, ಎಷ್ಟು ಜಾಗ ಹಿಡಿಯುತ್ತೆ ನೋಡೇಬಿಡೋಣ" ಎಂದ.

ಓಡಿಸಿದರು. ಮೆಮೊರಿಯ ಅಳತೆ ತೋರಿಸುವ ಗೆರೆ ತೆರೆಯ ಮೂಲೆಯಲ್ಲಿ ಏರತೊಡಗಿತು. ಐದಾಯಿತು, ಎಂಟಾಯಿತು, ಹನ್ನೊಂದಕ್ಕೆ ಬಂದು ನಿಂತಿತು.

"ಹನ್ನೊಂದು. ಎಂಟರಲ್ಲಿ ಹಿಡಿಯಲ್ಲ" ಎಂದ ನಯಾಜ್. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಗೆರೆಯೂ ಸುಳ್ಳು ಹೇಳಿರಲಿಲ್ಲ. ಆದರೂ ಹೇಮಾವತಿಗೆ ದುಡ್ಡು ಎಣಿಸಿಕೊಡಲು ಕೈ ಬರಲಿಲ್ಲ. ನಾಳೆ ಬರುತ್ತೇನೆ ಎಂದು ಎದ್ದಳು. ಊರಿನಲ್ಲಿ ಬಸ್ಸಿಳಿದಾಗ ಬೇಕರಿಯ ಮೇಲಿನ ಕಿಟಕಿಯ ಕಡೆ ನೋಡಬಾರದು ಎಂದುಕೊಂಡೇ ನೋಡಿದಳು.

ಅವಳ ಎದುರುಮನೆಯಲ್ಲಿ ಅಡುಗೆ ಬೋರಲಿಂಗಣ್ಣ ಇದ್ದ. ಸುತ್ತ ಹತ್ತು ಊರಿನ ಬೀಗರ ಊಟಕ್ಕೆ ಅವನದೇ ಕೈ. ಅವತ್ತು ಸಂಜೆ ಅವನು ಪಾಪೇಗೌಡರ ಮನೆಯ ಊಟಕ್ಕೆ ಕಳಿಸಬೇಕಾದ ಪಾತ್ರೆಗಳನ್ನು ಬೀದಿಯಲ್ಲಿ ಸಾಲಾಗಿ ಇಡಿಸಿ, ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡುತ್ತಿದ್ದ. ಕಂಪ್ಯೂಟರಿಗೂ ಅವನಿಗೂ ಏನೇನೂ ಸಂಬಂಧವಿಲ್ಲ. ಅವನ ಫೋನಿನ ಟಾರ್ಚು ಮೂರು ದಿನದಿಂದ ಉರಿಯುತ್ತಲೇ ಇತ್ತು, ಆರಿಸುವುದು ಹೇಗೆಂದು ತಿಳಿಯದೆ.

"ಯಾಕವ್ವ ಹೇಮ, ಮಕ ಇಷ್ಟ್ ಸಣ್ಣಗ್ ಮಾಡ್ಕಂಡಿದ್ದೀಯೆ?" ಎಂದು ಕೇಳಿದ.

"ಕಂಪ್ಯೂಟ್ರಿಗೆ ಒಂದು ಸಾಮಾನು ತರ್ಬೇಕು ಮಾವ. ಚಿಕ್ಕದು ತಂದ್ರೆ ಕೆಲಸಕ್ಕೆ ಜಾಗ ಸಾಲಲ್ಲ. ದೊಡ್ಡದು ತಂದ್ರೆ ರೂಮು ಕೈ ತಪ್ತದೆ."

ಬೋರಲಿಂಗಣ್ಣ ಹೂಂ ಎಂದ. ಅವನಿಗೆ ಅರ್ಥವಾಗಿರಲಿಲ್ಲ. ಹೇಮಾವತಿ ಮಾತು ಬದಲಿಸಲೆಂದು ಅವನ ಪಾತ್ರೆಗಳ ಕಡೆ ನೋಡಿದಳು. ಮುದ್ದೆ ತಿರುವುವ ಪಾತ್ರೆ ತೀರ ಸಾಧಾರಣವಾಗಿತ್ತು.

"ಮಾವ, ಗೌಡರ ಮನೆ ಊಟಕ್ಕೆ ಸಾವಿರದಿನ್ನೂರು ಜನ ಅಂತೆ. ಈ ಪಾತ್ರೇಲಿ ಮುದ್ದೆ ಆಯ್ತದಾ?"

ಬೋರಲಿಂಗಣ್ಣನಿಗೆ ನಗು ಬಂತು. "ಸಾವಿರದಿನ್ನೂರು ಜನಾನೂ ಒಟ್ಟಿಗೆ ಕುಂತ್ಕತಾರೇನವ್ವ? ಒಂದ್ ಪಂಕ್ತಿಗೆ ಎಷ್ಟ್ ಎಲೆ, ಅದ್ ಹೇಳು. ಆ ಛತ್ರದಲ್ಲಿ ನೂರೈವತ್ತು. ನಾನ್ ನೋಡದು ಅದೊಂದೇಯ. ಒಂದ್ ಪಂಕ್ತಿ ಉಣ್ತಿದ್ದಂಗೇ ಇನ್ನೊಂದ್ ಪಂಕ್ತಿಗೆ ತಿರುವ್ತಾ ಇರ್ತೀನಿ. ಅಷ್ಟೂ ಜನಕ್ಕೆ ಒಂದೇ ಸಲ ತಿರುವಿ ಮಡಗಿದ್ರೆ ಪಾತ್ರೆನೂ ಸಾಲಲ್ಲ, ಕೊನೇ ಪಂಕ್ತಿಯೋರು ಕಲ್ಲು ನುಂಗ್ಬೇಕಾಯ್ತದೆ."

ತಾನು ಆ ಮಧ್ಯಾಹ್ನ ಅಂಗಡಿಯಲ್ಲಿ ಮಾಡಿದ್ದೇನು ಎಂದು ಹೇಮಾವತಿಗೆ ನೆನಪಾಯಿತು. ಅರಿಶಿನ ಹಚ್ಚಿದ್ದು, ಚಪ್ಪರದ ಪೂಜೆ, ಧಾರೆ, ಆರತಕ್ಷತೆ, ನಾಲ್ಕು ಕ್ಯಾಮೆರಾ, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪು, ಅಷ್ಟನ್ನೂ ಒಂದೇ ಸಲ ಹೇರಿದ್ದಳು. ಸಾವಿರದಿನ್ನೂರು ಜನಕ್ಕೂ ಒಟ್ಟಿಗೆ ಎಲೆ ಹಾಕಿಸಿ, ಛತ್ರ ಸಾಲದು ಎಂದು ಕೊರಗುತ್ತಿದ್ದಳು.

ಆದರೆ ಅವಳು ಜಾಣೆ. ಒಂದು ಮಾತು ಕೇಳಿದ ಕೂಡಲೇ ಓಡಿಹೋಗುವವಳಲ್ಲ. ಸಾಲಿನ ಕೊನೆಯಲ್ಲಿ ಒಂದು ಭಾರಿ ಕೊಪ್ಪರಿಗೆ ಇತ್ತು. ನಾಲ್ಕು ಜನ ಸೇರಿದರೂ ಎತ್ತಲು ಉಸ್ಸೆನ್ನಬೇಕು, ಅಂಥದ್ದು.

"ಹಂಗಾದ್ರೆ ಅದ್ಯಾಕೆ ಮಾವ, ಅಷ್ಟು ದೊಡ್ಡದು?"

"ಅದು ಬಾಡಿನ ಸಾರಿಗೆ. ಸಾರ್ನ ಪಂಕ್ತಿ ಲೆಕ್ಕದಲ್ಲಿ ಮಾಡಕ್ಕಾಗಲ್ಲ ಕಣವ್ವ. ಒಂದ್ ಪಂಕ್ತಿಗೆ ಖಾರ, ಇನ್ನೊಂದ್ ಪಂಕ್ತಿಗೆ ಸಪ್ಪೆ ಅಂತ ಆದ್ರೆ ಬೀಗರು ಸುಮ್ನಿದ್ದಾರಾ? ನಮ್ ಕಡೆಯೋರಿಗೆ ಬೇಕಂತ ನೀರ್ ಹುಯ್ದವ್ರೆ ಅಂತ ಅಲ್ಲೇ ಎಲೆ ಬುಟ್ಟು ಎದ್ದೋಯ್ತಾರೆ. ಸಾರು ಒಂದೇ ಪಾತ್ರೇಲಿ ಬೇಯ್ಬೇಕು. ಅದಕ್ಕೆ ದೊಡ್ಡದೇ ಬೇಕು. ಅಲ್ಲಿ ಜಿಪುಣತನ ಮಾಡಕ್ಕಾಗಲ್ಲ."

ಈಗ ಹೇಮಾವತಿ ನಿಜವಾಗಿಯೂ ಓಡಿದಳು. ಚಪ್ಪಲಿ ಒಂದು ಹೊಸಿಲಾಚೆ, ಒಂದು ಹೊಸಿಲೀಚೆ ಬಿತ್ತು. ಗೌಡರ ಮನೆಯ ಲಗ್ನಪತ್ರಿಕೆಯ ಹಿಂಭಾಗದಲ್ಲೇ ಪೆನ್ಸಿಲಿನಿಂದ ಸಿನಿಮಾವನ್ನು ತುಂಡು ತುಂಡಾಗಿ ಬರೆದಳು. ಇದು ಮುದ್ದೆಯೋ, ಸಾರೋ ಎಂದು ಒಂದೊಂದು ತುಂಡನ್ನೂ ಕೇಳಿದಳು. ಅರಿಶಿನ ಮುದ್ದೆ. ಚಪ್ಪರ ಮುದ್ದೆ. ಆರತಕ್ಷತೆಯಂತೂ ಎಷ್ಟು ಬೇಕಾದರೂ ಪಂಕ್ತಿ ಮಾಡಬಹುದಾದ ಮುದ್ದೆ. ಇವನ್ನೆಲ್ಲ ಒಂದಾದ ಮೇಲೊಂದು ಮುಗಿಸಿ ಆಮೇಲೆ ಜೋಡಿಸಬಹುದು.

ಒಂದೇ ಒಂದು ತುಂಡು ಮಾತ್ರ ಸಾರಾಗಿತ್ತು. ಧಾರೆಯ ಹೊತ್ತು. ಅಲ್ಲಿ ಅವಳು ನಾಲ್ಕೂ ಕ್ಯಾಮೆರಾಗಳನ್ನು ಒಂದೇ ತೆರೆಯ ಮೇಲೆ ಒಟ್ಟಿಗೆ ಇಟ್ಟಿದ್ದಳು. ಒಂದು ಮೂಲೆಯಲ್ಲಿ ಸುರಿಯುವ ನೀರು, ಇನ್ನೊಂದರಲ್ಲಿ ತಾಯಿಯ ಮುಖ, ಮತ್ತೊಂದರಲ್ಲಿ ಮದುಮಗಳ ಕಣ್ಣು, ಕೊನೆಯದರಲ್ಲಿ ಪಾಪೇಗೌಡರ ನಡುಗುವ ಕೈ. ಅದನ್ನು ಬಿಡಿಸಿದರೆ ಸಿನಿಮಾ ಉಳಿಯುತ್ತಿತ್ತು, ಅದರ ಜೀವ ಉಳಿಯುತ್ತಿರಲಿಲ್ಲ. ಬೇರೆ ಎಲ್ಲಿ ಬೇಕಾದರೂ ರಾಜಿಯಾಗಬಹುದು, ಇಲ್ಲಿ ಮಾತ್ರ ಆಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಈ ಒಂದು ತುಂಡು ಎಂಟರಲ್ಲಿ ಹಿಡಿಯದಿದ್ದರೆ ಹದಿನಾರನ್ನೇ ಕೊಂಡು, ಕೋಣೆಯ ಆಸೆ ಬಿಡುವುದೆಂದು ನಿರ್ಧಾರ ಮಾಡಿದಳು.

ಮಾರನೆಯ ದಿನ ಮಂಡ್ಯದಲ್ಲಿ, "ಇದೊಂದನ್ನೇ ಓಡಿಸಿ" ಎಂದಳು ನಯಾಜ್‌ಗೆ.

ಗೆರೆ ಏರಿತು. ಐದು. ಆರು. ಏಳು. ಅಲ್ಲಿಂದ ಇನ್ನೂ ಸ್ವಲ್ಪ ಮೇಲೆ ಹೋಯಿತು. ಹೇಮಾವತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ನಯಾಜ್ ಬಂದ ಗಿರಾಕಿಯೊಬ್ಬನಿಗೆ ಇರು ಎಂದು ಕೈ ತೋರಿಸಿದ. ಏಳೂಕಾಲಿಗೆ ಬಂದು ಗೆರೆ ನಿಂತಿತು. ಇಬ್ಬರೂ ಒಂದು ನಿಮಿಷ ಕಾದರು. ಅದು ಅಲುಗಲಿಲ್ಲ.

"ಎಂಟರದು ಕೊಡಿ" ಎಂದಳು ಹೇಮಾವತಿ.

"ಕೊಡ್ತೀನಿ. ಆದ್ರೆ ಮುಂದಕ್ಕೆ ಬೇಕಾಗುತ್ತಲ್ಲ ಮೇಡಂ?"

"ಮುಂದಕ್ಕೆ ಬೇಕಾಗೋದನ್ನ ಮುಂದಕ್ಕೇ ತಗೊಳ್ತೀನಿ."

ಕೆಲಸವೇನೂ ಹಗುರವಾಗಲಿಲ್ಲ, ಅದನ್ನೂ ಹೇಳಬೇಕು. ಒಂದೊಂದು ತುಂಡನ್ನೂ ಬೇರೆ ಬೇರೆ ಮುಗಿಸಿ, ಬಣ್ಣಕ್ಕೆ ಬಣ್ಣ ಕೂಡಿಸಿ, ಹಾಡಿಗೆ ಹಾಡು ಹೊಂದಿಸಿ ಜೋಡಿಸುವಷ್ಟರಲ್ಲಿ ಅವಳ ಬೆನ್ನು ಹಿಡಿದುಕೊಂಡಿತು. ಶನಿವಾರ ಸಂಜೆ ಸಿನಿಮಾ ಸಿದ್ಧವಾಯಿತು. ಗಂಡ ಮೊದಲ ಸಲ ನೋಡಿ, "ಇದೇ ಸರಿ ಕಣೆ" ಎಂದ. ಈಗ ಹೇಳುವುದು ಅವನಿಗೆ ಸುಲಭವಾಗಿತ್ತು.

ಭಾನುವಾರ ಛತ್ರದಲ್ಲಿ ಊಟದ ಹೊತ್ತಿಗೆ ಪರದೆಯ ಮೇಲೆ ಸಿನಿಮಾ ಶುರುವಾಯಿತು. ಅರಿಶಿನ ಬಂದಾಗ ಜನ ನಕ್ಕರು. ಆರತಕ್ಷತೆ ಬಂದಾಗ ತಮ್ಮ ತಮ್ಮ ಮುಖ ಹುಡುಕಿಕೊಂಡರು. ಧಾರೆ ಬಂದಾಗ ಸಾರು ಬಡಿಸುವವರೂ ಸೌಟು ಹಿಡಿದು ನಿಂತುಬಿಟ್ಟರು. ಪಾಪೇಗೌಡರು ಮುರಿದ ಮುದ್ದೆಯನ್ನು ಕೈಯಲ್ಲೇ ಇಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. ತಮ್ಮ ಕೈ ಅಷ್ಟು ನಡುಗಿತ್ತೆಂದು ಅವರಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

"ಮುದ್ದೆ ಆರೋಯ್ತದೆ ಗೌಡ್ರೆ" ಎಂದ ಬೋರಲಿಂಗಣ್ಣ.

ಗೌಡರು ಎಡಗೈಯಿಂದ ಕಣ್ಣೊರೆಸಿಕೊಂಡು, ದೂರದಲ್ಲಿ ನಿಂತಿದ್ದ ಹೇಮಾವತಿಗೆ ಮೂರು ಬೆರಳು ತೋರಿಸಿದರು. ಸೋಮವಾರ ಬೆಳಿಗ್ಗೆ ಬೇಕರಿ ಬಾಗಿಲು ತೆಗೆಯುವ ಮೊದಲೇ ಅವಳು ಅಡ್ವಾನ್ಸ್ ಹಿಡಿದು ಅಲ್ಲಿ ನಿಂತಿದ್ದಳು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಇದ್ದುದರಲ್ಲೇ ತೃಪ್ತಿಪಡಬೇಕು ಎಂದು ನೀತಿ ಬರೆದರೆ ಹಿರಿಯರೆಲ್ಲ ತಲೆದೂಗುತ್ತಾರೆ. ಆದರೆ ಕಥೆ ಇನ್ನೂ ಸ್ವಲ್ಪ ಇದೆ.

ಮರುವರ್ಷ ಗೌಡರ ತಮ್ಮನ ಮಗನ ಮದುವೆ ಬಂತು. ಆರತಕ್ಷತೆಯ ವೇದಿಕೆಯ ಹಿಂದೆ ಗೋಡೆಯುದ್ದದ ದೊಡ್ಡ ತೆರೆ ಕಟ್ಟಿಸುತ್ತೇವೆ, ಅದರ ತುಂಬ ಓಡುವ ಒಂದೇ ಅಖಂಡ ಚಿತ್ರ ಬೇಕು ಎಂದರು. ಹೇಮಾವತಿ ಕೂತು ಯೋಚಿಸಿದಳು. ಅದನ್ನು ಎಲ್ಲಿಯೂ ಒಡೆಯುವಂತಿರಲಿಲ್ಲ. ಸಣ್ಣದೊಂದು ಮಾದರಿ ಮಾಡಿ ಅಳೆದಳು. ಪೂರ್ತಿ ಚಿತ್ರಕ್ಕೆ ಹದಿಮೂರು ಜಿಬಿಯಾದರೂ ಬೇಕು ಎಂದು ತಿಳಿಯಿತು. ಅವಳು ವಾಟ್ಸಾಪ್ ಗುಂಪಿನಲ್ಲಿ ಕೇಳಲಿಲ್ಲ. ಗಂಡನನ್ನೂ ಕೇಳಲಿಲ್ಲ. ಮಂಡ್ಯದ ಬಸ್ಸು ಹತ್ತಿದಳು.

"ಹದಿನಾರರದು ಕೊಡಿ" ಎಂದಳು.

ನಯಾಜ್ ಡಬ್ಬವನ್ನು ಕೆಳಗಿಳಿಸುತ್ತಾ ನಕ್ಕ. "ನಾನು ಹೋದ ವರ್ಷಾನೇ ಹೇಳಿದ್ದೆ ಅಲ್ವಾ ಮೇಡಂ, ಮುಂದಕ್ಕೆ ಬೇಕಾಗುತ್ತೆ ಅಂತ? ಅವತ್ತೇ ತಗೊಂಡಿದ್ರೆ ಒಂದೇ ಖರ್ಚಲ್ಲಿ ಹೋಗ್ತಿತ್ತು."

"ನೀವು ಹೇಳಿದ್ದು ಸರಿ ನಯಾಜ್. ಆದ್ರೆ ಅವತ್ತೇ ತಗೊಂಡಿದ್ರೆ, ಅವರು ಈ ಕೆಲಸ ಹೇಳೋಕೆ ಬಂದಾಗ ಮೆಟ್ಟಿಲು ಹತ್ತೋಕೆ ಒಂದು ಸ್ಟುಡಿಯೊನೇ ಇರ್ತಿರಲಿಲ್ಲ. ಅಡುಗೆಮನೇಲಿ ಕೂತಿರೋಳಿಗೆ ಗೋಡೆಯುದ್ದದ ಚಿತ್ರ ಯಾರು ಒಪ್ಪಿಸ್ತಾರೆ?"

ನಯಾಜ್ ಡಬ್ಬವನ್ನು ಅವಳ ಕೈಗೆ ಕೊಟ್ಟು, "ಇನ್ಮೇಲೆ ಗಿರಾಕಿಗಳು ಯಾವುದು ತಗೊಳ್ಳಲಿ ಅಂತ ಕೇಳಿದ್ರೆ ನಿಮ್ ನಂಬರ್ ಕೊಡ್ತೀನಿ" ಎಂದ.

ನೀತಿ: ದೊಡ್ಡದು ಬೇಕೋ, ಚಿಕ್ಕದು ಸಾಕೋ ಎಂಬುದನ್ನು ಆಸೆಯನ್ನು ಕೇಳಬೇಡಿ, ಭಯವನ್ನೂ ಕೇಳಬೇಡಿ. ಮಾಡಬೇಕಾದ ಕೆಲಸವನ್ನೇ ಕೇಳಿ. ಬಿಡಿಸಿ ಮಾಡಬಹುದಾದ ಕೆಲಸಕ್ಕೆ ಚಿಕ್ಕ ಪಾತ್ರೆ ಸಾಕು, ಬಿಡಿಸಲಾಗದ ಕೆಲಸಕ್ಕೆ ದೊಡ್ಡದೇ ಬೇಕು. ಅಳೆದು ನೋಡಿದವರಿಗೆ ಬೇಡ ಎನ್ನುವಾಗ ಕೊರಗಿಲ್ಲ, ಬೇಕು ಎನ್ನುವಾಗ ಅಳುಕಿಲ್ಲ.