ತಗ್ಗಿನ ಅಂಗಳದ ಹಿಮ

“ಗೆಳೆಯನೊಬ್ಬನ ಮನಸ್ಸು ನೋಯಿಸಿದ್ದೇನೆ, ಗುರುಗಳೇ. ಅವನ ಸಿಟ್ಟು ಇಳಿದ ಮೇಲೆ ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ. ಇಳಿಯಿತೆಂದು ತಿಳಿಯುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬೆಟ್ಟದ ಊರೊಂದರಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣನ ಮನೆ ಇಳಿಜಾರಿನ ಮೇಲೆ, ತಮ್ಮನದು ಕೆಳಗೆ ತಗ್ಗಿನಲ್ಲಿ. ಚಳಿಗಾಲದಲ್ಲಿ ಆ ಊರಿನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹಿಮವಾಗುತ್ತಿತ್ತು; ರಾತ್ರಿಯ ತಣ್ಣನೆ ಗಾಳಿ ಇಳಿದು ಸೇರುವ ತಗ್ಗಿನಲ್ಲಿ ಇನ್ನೂ ಹೆಚ್ಚು. ಅದು ಮುಟ್ಟಿದ ಚಿಗುರು ಕರಟುತ್ತಿತ್ತು. ಒಂದು ವರ್ಷ ತಮ್ಮನ ಸೀಮೆಬದನೆ ಬಳ್ಳಿ ಬೇರುಸಹಿತ ಸತ್ತಿತು.

ಸೀಮೆಬದನೆಗೆ ಬೇರೆ ಬೀಜವಿಲ್ಲ. ಮೊಳೆತ ಕಾಯಿಯನ್ನೇ ಇಡಿಯಾಗಿ ನೆಡಬೇಕು. ಆ ಊರಿನಲ್ಲಿ ಅದನ್ನು ಬಳ್ಳಿ ಇದ್ದವರ ಮನೆಗೆ ಹೋಗಿ ಕೇಳಿ ತರುತ್ತಿದ್ದರು. ಕೇಳದೆ ಕೊಟ್ಟ ಕಾಯಿ ನೆಲ ಹಿಡಿಯುವುದಿಲ್ಲ ಎಂದು ಅವರ ನಂಬಿಕೆ.

ಬಳ್ಳಿ ಉಳಿದದ್ದು ಅಣ್ಣನಲ್ಲಿ. ಆ ಅಣ್ಣನನ್ನೇ ತಮ್ಮ ಬೇಲಿಯ ಜಗಳದಲ್ಲಿ ಹತ್ತು ಜನರೆದುರು ಕಳ್ಳ ಎಂದಿದ್ದ. ‘ಹಿಮ ನಿಲ್ಲುವವರೆಗೆ ಹೇಗೂ ನೆಡುವಂತಿಲ್ಲ. ಅಷ್ಟರಲ್ಲಿ ಅಣ್ಣನ ಸಿಟ್ಟೂ ಇಳಿಯುತ್ತದೆ’ ಎಂದುಕೊಂಡ. ದಿನವೂ ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತಿದ್ದ. ಅಂಗಳ ಬೆಳ್ಳಗಿರುತ್ತಿತ್ತು.

“ಒಮ್ಮೆ ಮೇಲೆ ಹೋಗಿ ಬನ್ನಿ” ಎಂದಳು ಹೆಂಡತಿ.

“ಅಂಗಳ ನೋಡು. ಇನ್ನೂ ಹೊತ್ತಾಗಿಲ್ಲ.”

“ನೋಡುತ್ತಾ ಕೂತಿರಿ. ಭಾವನವರೇ ಇಳಿದು ಬಂದು ನಿಮ್ಮ ಕಾಲು ಹಿಡಿಯಲಿ!”

ಅಂಗಳ ಬೆಳ್ಳಗಿರುವಾಗಲೇ ಮೇಲಿನಿಂದ ಆಳು ಬಂದ. ಅಣ್ಣ ಜ್ವರದಲ್ಲಿ ತೀರಿಕೊಂಡಿದ್ದ.

ಮಣ್ಣು ಮಾಡಿ ಅಣ್ಣನ ಮನೆಗೆ ಬಂದ ಮೇಲೆ ಅತ್ತಿಗೆ ಒಂದು ಸೀಮೆಬದನೆಕಾಯಿ ತಂದು ಮುಂದಿಟ್ಟಳು. ಮೊಳಕೆ ಮೊಳದುದ್ದ ಬೆಳೆದು ಬಾಡಿತ್ತು. ಕಾಯಿಯಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು.

“ಇದು ನಿನಗೆಂದು ತೆಗೆದಿಟ್ಟದ್ದು. ಹಿಮ ನಿಂತಿತು, ತಮ್ಮ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎನ್ನುತ್ತಲೇ ಇದ್ದರು.”

“ಹಿಮ ಇನ್ನೂ ನಿಂತಿಲ್ಲವಲ್ಲ, ಅತ್ತಿಗೆ.”

“ಇಲ್ಲಿ ನಿಂತು ತಿಂಗಳಾಯಿತಪ್ಪ” ಎಂದಳು ಅವಳು.

ಗುರು ಕಥೆ ಮುಗಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ತಮ್ಮನದೇನು ತಪ್ಪು, ಗುರುಗಳೇ? ಅವನು ಕಂಡ ಹಿಮ ಸುಳ್ಳೇ?”

“ಸುಳ್ಳಲ್ಲ, ಆದರೆ ಅದು ಬೀಳುತ್ತಿದ್ದದ್ದು ಅವನ ಅಂಗಳದಲ್ಲಿ.”