ನೋಡೋಣ ಸಾಹೇಬರು

ಹೊಳೆಯ ದಂಡೆಯ ಆಶ್ರಮಕ್ಕೆ ವಿರೂಪಾಕ್ಷ ಚುನಾವಣೆಯಲ್ಲಿ ಸೋತು ಬಂದ.

ಅಜ್ಜನ ಕಾಲದಿಂದ ಗೆಲ್ಲುತ್ತಲೇ ಬಂದಿದ್ದ ಪಕ್ಷ ಅವನದು. ಈ ಸಲ ಭೈರೇಶನೆಂಬ ಹೊಸಬ, ಹಳಬರೆಲ್ಲ ಕಳ್ಳರು, ನಾನೊಬ್ಬನೇ ನಿಮ್ಮವನು ಎಂದು ಊರೂರಲ್ಲಿ ಕೂಗಿ ಗೆದ್ದಿದ್ದ. ದಿಬ್ಬದ ಮೇಲಿನ ಹಟ್ಟಿಗೆ ಎಂಟೇ ದಿನದಲ್ಲಿ ಸಿಹಿನೀರು ಕೊಡುತ್ತೇನೆಂದಿದ್ದ. ಕೊಟ್ಟಿರಲಿಲ್ಲ. ಆದರೂ ಹಟ್ಟಿಯವರ ಬಾಯಲ್ಲಿ ಅವನದೇ ಹೆಸರು.

ಮರುದಿನ ಅಲ್ಲಿ ವಿರೂಪಾಕ್ಷನ ಸಭೆ. ಅವರೂ ಕೈಬಿಟ್ಟರೆ ಆ ಸೀಮೆಯಲ್ಲಿ ಪಕ್ಷಕ್ಕೆ ನೆಲೆಯಿಲ್ಲ. ಭೈರೇಶನಂತೆ ತಾನೂ ಕೂಗಬೇಕೇ, ಅಥವಾ ಅವನ ಸುಳ್ಳುಗಳನ್ನು ಒಂದೊಂದಾಗಿ ಬಿಡಿಸಿಡಬೇಕೇ ಎಂದು ಕೇಳಿದ.

ಗುರು ನಿರಂಜನಯ್ಯನವರು, ಹಟ್ಟಿಯವರು ನಿನ್ನನ್ನು ಏನೆಂದು ಕರೆಯುತ್ತಾರೆ ಎಂದು ವಿಚಾರಿಸಿದರು.

ವಿರೂಪಾಕ್ಷನ ಮುಖ ಸಣ್ಣದಾಯಿತು. "ನೋಡೋಣ ಸಾಹೇಬರು ಅಂತ, ಬುದ್ಧಿ."

ಬಾವಿಯ ನೀರು ಉಪ್ಪೆಂದು ಅವರು ಬಂದಾಗಲೆಲ್ಲ ಕೂರಿಸಿ, ಕಾಫಿ ಕೊಟ್ಟು, ನೋಡೋಣ ಎಂದು ಕಳುಹಿಸಿದ್ದ. ಇಲ್ಲವೆಂದು ಒಮ್ಮೆಯೂ ಅಂದವನಲ್ಲ. ಅದನ್ನು ಸೌಜನ್ಯವೆಂದೇ ತಿಳಿದಿದ್ದ.

ಗುರುಗಳು ನಕ್ಕರು. ಒಳಗಿನಿಂದ ಚೊಂಬು ತಂದು ಅವನ ಬೊಗಸೆಗೆ ನೀರು ಬಗ್ಗಿಸಿದರು. "ನೋಡು."

ಅವನು ಬೊಗಸೆಯನ್ನೇ ದಿಟ್ಟಿಸಿದ.

"ಕಣ್ಣಿನಿಂದಲ್ಲಪ್ಪ. ರುಚಿ ನೋಡು."

ಒಂದೇ ಗುಟುಕಿಗೆ ಬಾಯೆಲ್ಲ ಉಪ್ಪಾಯಿತು. ಅದು ಹಟ್ಟಿಯ ಬಾವಿಯಿಂದ ಗುರುಗಳು ತರಿಸಿಟ್ಟಿದ್ದ ನೀರು. ಉಗುಳಲು ಬಾಗಿದವನು, ಚೊಂಬಿನಲ್ಲಿ ಉಳಿದದ್ದನ್ನು ಗುರುಗಳು ಕುಡಿಯುತ್ತಿರುವುದನ್ನು ಕಂಡು ನುಂಗಿಕೊಂಡ.

"ಆದರೆ ಭೈರೇಶ ಹೇಳಿದ್ದು ಸುಳ್ಳಲ್ಲವೇ?"

"ಅವರಿಗೂ ಗೊತ್ತು. ಆದರೆ ಅವನು ಅವರ ಪರವಾಗಿ ಸಿಟ್ಟಾದ. ನಿನಗೆ ಸಿಟ್ಟು ಬಂದದ್ದು ಸೋತ ಮೇಲೆ."

ವಿರೂಪಾಕ್ಷ ಹೊಳೆಯ ಕಡೆ ತಿರುಗಿದ. ಮೆಲ್ಲಗೆ ಬಾಯಿಬಿಟ್ಟ. ಈ ಹೊಳೆಯ ನೀರನ್ನು ದಿಬ್ಬಕ್ಕೆ ಏರಿಸಲು, ಯಾರೇ ಮಾಡಿದರೂ, ಎರಡು ವರ್ಷ ಬೇಕು. ಹಾಗೆಂದರೆ ಜನ ನಗುತ್ತಾರೆ.

"ಸಭೆ ಬಿಡು. ಮನೆಮನೆಗೆ ಹೋಗಿ ಎರಡು ವರ್ಷವೆಂದೇ ಹೇಳು. ಅಲ್ಲಿಯವರೆಗೆ ನೀನೂ ಆ ಬಾವಿಯದನ್ನೇ ಕುಡಿ."

"ಬೈಯುತ್ತಾರೆ, ಬುದ್ಧಿ."

"ಬೈಸಿಕೋ." ಅವನ ಗಲ್ಲಕ್ಕಂಟಿದ್ದ ಹನಿಯನ್ನು ಗುರುಗಳು ತಮ್ಮ ಉತ್ತರೀಯದ ಅಂಚಿನಿಂದ ಒರೆಸಿದರು.

"ಬೈದು, ಮುಖದ ಮೇಲೆ ಬಾಗಿಲು ಹಾಕಿಕೊಂಡರೆ?"

"ಜಗುಲಿ ಬಾಗಿಲ ಹೊರಗೇ ಇರುತ್ತದಲ್ಲ, ಮಗು."